ಅಪ್ಪ ನೋಡದ ಸಿನಿಮಾಗಳು

ಮೊನ್ನೆ ರಾಜಾಜಿನಗರದ ಮಾಲ್‌ನಲ್ಲಿ ಮೊಮ್ಮಗಳು ಒಂದು ಕಾಮಿಡಿ ಸಿನಿಮಾ ತೋರಿಸಿದಳು. ಚಿತ್ರರಂಗದ ಚಿನ್ನದ ಕಾಲದ ಕಥೆಯಂತೆ. ಅದರಲ್ಲಿ ಪ್ರೊಜೆಕ್ಟರ್ ಓಡಿಸುವವನು ಗೊರಕೆ ಹೊಡೆಯುತ್ತಾನೆ, ರೀಲು ಸುಟ್ಟುಹೋಗುತ್ತದೆ. ಜನರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮೈ ಉರಿಯಿತು.

ಮಾರೇನಹಳ್ಳಿ ಕಡೆಯ ಟಾಕೀಸಿನಲ್ಲಿ ನಮ್ಮಪ್ಪನದೂ ಅದೇ ಕೆಲಸ. ಪ್ರೊಜೆಕ್ಟರಿನೊಳಗೆ ಉರಿಯುವ ಕಾರ್ಬನ್ ಕಡ್ಡಿಯನ್ನು ಸವೆದಂತೆಲ್ಲ ಮುಂದಕ್ಕೆ ತಳ್ಳುತ್ತಲೇ ಇರಬೇಕು, ಇಲ್ಲದಿದ್ದರೆ ತೆರೆ ಕಪ್ಪಾಗುತ್ತದೆ. ಅಪ್ಪನ ಅಂಗಿಯಲ್ಲಿ ಸದಾ ಸುಟ್ಟ ವಾಸನೆ.

"ಅಪ್ಪಾ, ಕೊನೇಲಿ ಹೀರೋ ಏನಾದ?" ಎಂದು ಕೇಳಿದರೆ, "ನಾನೆಲ್ಲಿ ನೋಡ್ದೆ? ಕಡ್ಡಿ ನೋಡೋದೇ ಆಯ್ತು ಕಣೋ" ಅನ್ನುತ್ತಿದ್ದರು. ಆ ಬೆಂಕಿ ನೋಡಿ ನೋಡಿ ಅವರ ಎಡಗಣ್ಣೇ ಹೋಯಿತು.

"ತಾತಾ, ಕಾಮಿಡಿ ಅಷ್ಟೇ, ನಗಿ" ಅಂದಳು ಮೊಮ್ಮಗಳು.

"ನಿದ್ದೆ ಮಾಡಿದ್ರೆ ನಮ್ಮಪ್ಪನ ಕಣ್ಣು ಉಳೀತಿತ್ತು ಕಣೇ!" ಎಂದು ಗದರಿ, ಅರ್ಧಕ್ಕೇ ಎದ್ದು ಬಂದೆ.