ವರ್ಷಾಂತಿಕ ಮುಗಿಯಲಿ ಎಂದು ಬರೆದೆ

ಅಪ್ಪ ತೀರಿಕೊಂಡ ಹನ್ನೊಂದನೆಯ ದಿನ ಕೊಲಂಬೊದಲ್ಲಿ ತಮ್ಮನಿಗೆ ಗಂಡುಮಗು ಹುಟ್ಟಿತು. ಮರುದಿನ ತಂತಿ ಬಂದಾಗ ಕರ್ಕಿಯ ನಮ್ಮ ಮನೆಯಲ್ಲಿ ಕ್ರಿಯೆಯ ಊಟಕ್ಕೆ ಎಲೆ ಹಾಕುತ್ತಿದ್ದರು. ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಒಳಗಿನಿಂದ ಬಂದು, ನಾನು ಓದಿ ಹೇಳಿದ್ದನ್ನು ಕೇಳಿ, ಗೋಡೆಗೆ ಒರಗಿ ಕೂತಳು. “ಅವನ್ನ ತಂದು ನನ್ನ ಮಡಿಲಿಗೆ ಹಾಕಿ ಅಂತ ಬರಿ” ಎಂದಳು. ಅವಳಿಗೆ ಆಗಲೇ ಉಬ್ಬಸ ಬಲವಾಗಿತ್ತು.

ಅರವತ್ತರ ದಶಕದ ಮೊದಲ ವರ್ಷಗಳವು. ನಾನು ಕುಮಟೆಯಲ್ಲಿ ಮಾಸ್ತರ. ಟ್ರೇನಿಂಗ್ ಕಾಲೇಜಿನ ಹಾಸ್ಟೆಲಿನಲ್ಲಿ ಗಂಟೆಗೆ ಏಳುವುದು, ಗಂಟೆಗೆ ಉಣ್ಣುವುದು ಕಲಿತವನು. ಯಾವ ಕೆಲಸವನ್ನೂ ಅದರ ಸರದಿ ಬರುವ ಮೊದಲು ಮಾಡಬಾರದು ಎಂಬುದು ನನ್ನ ನಿಯಮ. ಅಪ್ಪ ಹೋದ ಮೇಲೆ ಆ ನಿಯಮ ಇಡೀ ಮನೆಯ ನಿಯಮವಾಯಿತು.

ತಮ್ಮ ಭಟ್ಕಳದ ಸಾಹೇಬರೊಬ್ಬರ ಕೊಲಂಬೊದ ಜವಳಿ ಅಂಗಡಿಯಲ್ಲಿ ಟೇಲರ್. ಕೆಲವು ವಾರಗಳಲ್ಲಿ ಅವನ ಪತ್ರ ಬಂತು. ಮಗುವಿನ ಜನನವನ್ನು ಅಲ್ಲಿರುವ ನಮ್ಮ ದೇಶದ ಕಚೇರಿಯಲ್ಲಿ ಒಂದು ವರ್ಷದೊಳಗೆ ಬರೆಸಬೇಕಂತೆ. ಬರೆಸಿದರೆ ತಂದೆಯ ಪೌರತ್ವ ಮಗುವಿಗೂ ಸಲೀಸಾಗಿ ಸಿಗುತ್ತದೆ, ತಾಯಿಯ ಪಾಸ್‌ಪೋರ್ಟಿನಲ್ಲಿ ಅವನನ್ನು ಸೇರಿಸುತ್ತಾರೆ, ಮೂವರೂ ಊರಿಗೆ ಬರಬಹುದು. ವರ್ಷ ದಾಟಿದರೆ ದಿಲ್ಲಿಯ ಅಪ್ಪಣೆ ಬೇಕಂತೆ. “ಫಾರ್ಮಿನಲ್ಲಿ ಹೆಸರು ತುಂಬಬೇಕು. ಆಮೇಲೆ ಬದಲಿಸುವುದು ತ್ರಾಸ ಎನ್ನುತ್ತಾರೆ. ಯಾವ ಹೆಸರು ಬರೆಯಲಿ ಅಣ್ಣ?”

ಮೊದಲ ಮೊಮ್ಮಗನಿಗೆ ಅಜ್ಜನ ಹೆಸರು ಎಂಬುದು ನಮ್ಮಲ್ಲಿ ನಡೆದುಬಂದದ್ದು. ಆದರೆ ಸತ್ತವರ ವರ್ಷಾಂತಿಕ ಆಗದೆ ಅವರ ಹೆಸರನ್ನು ಇನ್ನೊಬ್ಬರಿಗೆ ಇಡಬಾರದು ಎಂದು ನಾನು ತಿಳಿದಿದ್ದೆ. ಭಟ್ಟರನ್ನು ಕೇಳಲಿಲ್ಲ, ಗೊತ್ತಿದ್ದದ್ದನ್ನು ಕೇಳುವುದೇನು? ಲೆಕ್ಕ ಹಾಕಿದೆ. ಸಾವಿನ ತಿಥಿ ಮುಂದಿನ ವರ್ಷ ಹತ್ತು ಹನ್ನೊಂದು ದಿನ ಮೊದಲೇ ಬರುತ್ತದೆ. ಅದಾದ ಮೇಲೆ ಮಗುವಿನ ವರ್ಷ ತುಂಬಲು ಮೂರು ವಾರ ಉಳಿಯುತ್ತದೆ. ಪತ್ರ ಮುಟ್ಟಲು ಅಷ್ಟು ಸಾಕು. “ವರ್ಷಾಂತಿಕ ಮುಗಿಯಲಿ, ಹೆಸರು ಕಳಿಸುತ್ತೇನೆ” ಎಂದು ಬರೆದೆ.

ಆಯಿಗೆ ಹೇಳಿದಾಗ ಅವಳು ನನ್ನ ಮುಖವನ್ನೇ ನೋಡಿದಳು.

“ಹೆಸರು ಎಂತದಾದ್ರೂ ಇಡ್ಲಿ ಮಾರಾಯ. ಮಗುನ್ನ ತಕಂಡು ಬರ್ಲಿ.”

“ಅಪ್ಪನ ಹೆಸರು ಬ್ಯಾಡ್ವ ನಿಂಗೆ?”

“ಅವರ ಹೆಸರಿಟ್ಟುಕೊಂಡು ನಾ ಎಂತ ಮಾಡ್ಲಿ? ಜೀವಂತ ಇದ್ದಾಗ್ಲೇ ಒಂದು ದಿವ್ಸ ಬಾಯಲ್ಲಿ ಹೇಳಿದವಳಲ್ಲ.”

ನಾನು ನಕ್ಕು ಶಾಲೆಗೆ ಹೊರಟೆ.

ಯುಗಾದಿಗೆ ಹೊಸ ಪಂಚಾಂಗ ತಂದೆ. ಆ ವರ್ಷ ಅಧಿಕಮಾಸ ಬಿದ್ದಿತ್ತು. ನಡುವೆ ಒಂದು ತಿಂಗಳು ಹೆಚ್ಚಾದರೆ ಅಪ್ಪನ ವರ್ಷಾಂತಿಕವೂ ಅಷ್ಟು ಮುಂದೆ ಸರಿಯುತ್ತದೆ. ಕಚೇರಿಯವರ ಇಂಗ್ಲಿಷ್ ತಾರೀಕು ಸರಿಯುವುದಿಲ್ಲ. ಎರಡನ್ನೂ ಪಕ್ಕಪಕ್ಕ ಬರೆದು ನೋಡಿದೆ. ಮಗುವಿನ ವರ್ಷ ತುಂಬಿ ಎಂಟು ದಿನಕ್ಕೆ ವರ್ಷಾಂತಿಕ.

ಅಂದೇ ಒಂದು ಏರ್‌ಲೆಟರ್ ಬರೆದಿದ್ದರೆ ಆಗಿತ್ತು. ಬರೆಯಲಿಲ್ಲ. ಎಂಟು ದಿನಕ್ಕೆ ಯಾವ ಸರಕಾರ ಮುಳುಗುತ್ತದೆ ಎಂದುಕೊಂಡೆ. ಶಾಲೆಗೆ ಎಂಟು ನಿಮಿಷ ತಡವಾಗಿ ಬಂದ ಹುಡುಗರನ್ನು ಹೊರಗೆ ನಿಲ್ಲಿಸುತ್ತಿದ್ದವನು ನಾನು.

ಮೇ ತಿಂಗಳ ರಜೆಯಲ್ಲಿ ಹೊನ್ನಾವರದಲ್ಲಿ ಶರಾವತಿ ದಾಟಿ ಭಟ್ಕಳಕ್ಕೆ ಹೋದೆ. ಕೊಲಂಬೊಗೆ ಹೊರಟವರ ಕೈಯಲ್ಲಿ ತಮ್ಮನಿಗೆ ಮಿಡಿ ಉಪ್ಪಿನಕಾಯಿ ಕಳಿಸಬೇಕಿತ್ತು. ಸಾಹೇಬರು ಊರಿಗೆ ಬಂದಿದ್ದರು. ಜಗಲಿಯಲ್ಲಿ ಕೂರಿಸಿ ಚಹಾ ತರಿಸಿದರು.

“ಎಂತ ಮಾಸ್ತರೇ, ನಿಮ್ಮ ತಮ್ಮನ ಮಗನಿಗೆ ಇನ್ನೂ ಹೆಸರಿಲ್ಲ! ಅಂಗಡಿಯಲ್ಲಿ ಹುಡುಗರೆಲ್ಲ ‘ಬೇನಾಮಿ’ ಅಂತ ಕರೀತಾರೆ.”

ನಾನು ವರ್ಷಾಂತಿಕದ ವಿಷಯ ವಿವರಿಸಿದೆ. ಅವರು ಪೂರ್ತಿ ಕೇಳಿದರು.

“ನಮ್ಮಲ್ಲಿ ಏಳನೇ ದಿನ ಹೆಸರು, ಎಂಟನೇ ದಿನ ಆಫೀಸು. ಆಫೀಸಿನವನಿಗೆ ಅಧಿಕಮಾಸ ಯಾರು ಹೇಳ್ತಾರೆ, ನೀವು ಹೋಗ್ತೀರಾ? ಕಾಗದಕ್ಕೆ ಒಂದು ಹೆಸರು ಕೊಡಿ ಮಾಸ್ತರೇ. ಮನೆಯಲ್ಲಿ ಬೇಕಾದ್ದು ಕರೀರಿ.”

“ಎರಡು ಹೆಸರಿನ ಪದ್ಧತಿ ನಮ್ಮಲ್ಲಿಲ್ಲ” ಎಂದೆ. ಹಾಗೇನೂ ಇರಲಿಲ್ಲ. ನಮ್ಮ ಕೇರಿಯಲ್ಲಿ ಅರ್ಧ ಜನಕ್ಕೆ ಎರಡು ಹೆಸರು.

ವರ್ಷಾಂತಿಕ ಕ್ರಮವಾಗಿ ನಡೆಯಿತು. ಅಂದೇ ಹೆಸರು ಬರೆದು ಅಂಚೆಗೆ ಹಾಕಿದೆ. ಊಟ ಮುಗಿಸಿ ತಾಂಬೂಲ ಹಾಕಿಕೊಳ್ಳುತ್ತಿದ್ದ ಭಟ್ಟರಿಗೆ ವಿಷಯ ತಿಳಿಸಿದರೆ, “ಸಪಿಂಡಿ ಆದ ಮೇಲೆ ಯಾವತ್ತಾದರೂ ಇಡಬಹುದಿತ್ತಲ್ಲ” ಎಂದರು. ಸಪಿಂಡಿ ಎಂದರೆ ಹನ್ನೆರಡನೆಯ ದಿನದ ಕ್ರಿಯೆ. ತಂತಿ ಬಂದದ್ದೇ ಆ ದಿನ.

ಕಚೇರಿಯಲ್ಲಿ ತಮ್ಮನ ಫಾರ್ಮನ್ನು ತಡವೆಂದು ಬೇರೆ ಇಟ್ಟರು. ದಿಲ್ಲಿಗೆ ಅರ್ಜಿ ಹೋಯಿತು. ಆಸ್ಪತ್ರೆಯ ಚೀಟಿ ಕೇಳಿದರು, ಮದುವೆಯ ಸಾಕ್ಷಿ ಕೇಳಿದರು, ತಡಕ್ಕೆ ಕಾರಣ ಕೇಳಿದರು. ಕಾರಣವನ್ನು ಇಂಗ್ಲಿಷಿನಲ್ಲಿ ನಾನೇ ಬರೆದು ಕಳಿಸಿದೆ. ತಮ್ಮ ಒಬ್ಬನೇ ಬರಬಹುದಿತ್ತು. ಬಾಡಿಗೆಯ ಕೋಣೆಯಲ್ಲಿ ಹೆಂಡತಿ, ಕೂಸನ್ನು ಬಿಟ್ಟು ಬರಲು ಅವನಿಗೆ ಧೈರ್ಯವಾಗಲಿಲ್ಲ. ಆಯಿ ಮಾತ್ರ ಅಂಚೆಯವನು ದಾಟಿದಾಗಲೆಲ್ಲ, “ಅಪ್ಪಣೆ ಆತನಾ?” ಎಂದು ಕೇಳುವಳು. “ಇನ್ನೂ ಆಗ್ಲಿಲ್ಲ” ಎನ್ನುವೆ. ಒಂದು ವರ್ಷ ದಾಟಿತು. ಮಳೆಗಾಲದಲ್ಲಿ ಉಬ್ಬಸ ಏರಿ ಆಯಿ ಹೋದಳು. ಅಪ್ಪಣೆ ಬಂದದ್ದು ದೀಪಾವಳಿಯ ಹೊತ್ತಿಗೆ.

ಅವರು ಬಂದಾಗ ಮಗು ಓಡಾಡುತ್ತಿತ್ತು. ನೇರ ಆಯಿಯ ಕೋಣೆಗೆ ಹೋಗಿ ಖಾಲಿ ಮಂಚದ ಮೇಲೆ ಹತ್ತಿತು. ತಮ್ಮ ಬಾಗಿಲಲ್ಲಿ ನಿಂತ. ಆಮೇಲೆ ಕೇಳಿದ:

“ಅಪ್ಪನ ಹೆಸರೇ ಆಗಬೇಕು ಅಂತ ಆಯಿ ಹಟ ಮಾಡಿರಬೇಕು, ಅಲ್ದನಾ ಅಣ್ಣ?”

“ಹೌದು” ಎಂದೆ.

ಅವನು ತಲೆಯಾಡಿಸಿದ. ಹೆಂಡತಿಗೆ ಹಾಗೆಯೇ ಹೇಳಿದ. ಅವಳು ಮಗನಿಗೆ ಹೇಳಿದಳು. ತಮ್ಮ ಈಗಿಲ್ಲ. ಆ ಮಗನ ಕೂದಲು ನರೆತಿದೆ. ಅಜ್ಜಿಗೆ ಎಷ್ಟು ಹಟ ಇತ್ತೆಂದು ಅವನು ತನ್ನ ಮಕ್ಕಳಿಗೆ ನಗುತ್ತ ಹೇಳುವುದನ್ನು ಪಕ್ಕದಲ್ಲೇ ಕೂತು ಎಷ್ಟೋ ಸಲ ಕೇಳಿದ್ದೇನೆ. ಒಮ್ಮೆಯೂ ತಡೆದಿಲ್ಲ.