ನೇರ ಗೆರೆ ಕಂಡು ಬೆಚ್ಚಿದ ಹೊಗೆ ಡಾಕ್ಟರು

ಮೇಲಿನ ಕೋಣೆ ಬಾಡಿಗೆಗೆ ಇದೆಯೇ ಎಂದು ಕೇಳಲು ಬಂದವಳು ಕೇಳುವುದನ್ನೇ ಮರೆತು ಬಾಗಿಲಲ್ಲಿ ನಿಂತುಬಿಟ್ಟಿದ್ದಳು. ಒಳಗೆ ಹೊಲಿಗೆಯಮ್ಮ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಒತ್ತುತ್ತಿದ್ದರು. ಹಬೆ ಕಿಟಕಿಯ ಬಿಸಿಲಿನಲ್ಲಿ ಸುರುಳಿ ಸುರುಳಿಯಾಗಿ ಮೇಲೇರಿ ಚದುರಿಹೋಗುತ್ತಿತ್ತು. ಬಂದವಳ ಕಣ್ಣು ಅದರ ಮೇಲೆಯೇ.

“ಯಾರು ಬೇಕಿತ್ತಮ್ಮಾ?”

“ಇನ್ನೊಂದ್ಸಲ ಒತ್ತಿ, ನೋಡೋಣ.”

ಹೊಲಿಗೆಯಮ್ಮ ನಕ್ಕು, ಇನ್ನೊಂದು ಸಲ ಒತ್ತಿದರು. ಗಂಡ ತೀರಿಕೊಂಡಾಗಿನಿಂದ ಹಳೆಯ ಬಟ್ಟೆಗಳನ್ನು ಬಿಚ್ಚಿ, ಅಳತೆ ತಿದ್ದಿ, ಮತ್ತೆ ಹೊಲಿದು ಜೀವನ ಮಾಡಿದವರು ಅವರು. ಹಬೆಯಲ್ಲಿ ನೋಡುವಂಥದ್ದು ಏನಾದರೂ ಇದೆಯೆಂದು ಅವರಿಗೆ ಅಂದೇ ಗೊತ್ತಾದದ್ದು.

ಕೋಣೆ ಅವಳಿಗೇ ಆಯಿತು. ಕಾರ್ಖಾನೆಯ ಕೊಳವೆಯಿಂದ ಬಿಟ್ಟ ಹೊಗೆ ಗಾಳಿಯಲ್ಲಿ ಹೇಗೆ ಹರಡುತ್ತದೆಂದು ಓದಿ ಡಾಕ್ಟರ್ ಪದವಿ ಪಡೆದವಳಂತೆ. ಹೊಲಿಗೆಯಮ್ಮನ ಮನೆಯಲ್ಲೇ ಇದ್ದು ಗುಂಡಿ ಹೊಲಿಯುತ್ತಿದ್ದ ಅವರ ತಮ್ಮ ಅವಳಿಗೆ ಹೊಗೆ ಡಾಕ್ಟರು ಎಂದು ಹೆಸರಿಟ್ಟ. ಅದನ್ನು ನಿಜವೆಂದು ನಂಬಿ ಪಕ್ಕದ ಬೀಗ ರಿಪೇರಿಯವನು ಕೆಮ್ಮು ತೋರಿಸಲು ಬಂದ. “ನಿಮ್ಮ ಸಿಗರೇಟಿನ ಹೊಗೆ ಎಲ್ಲಿಗೆ ಹೋಗುತ್ತೆ ಅಂತ ಬೇಕಾದ್ರೆ ಹೇಳ್ತೀನಿ. ಕೆಮ್ಮಿಗೆ ಔಷಧಿ ನನ್ನ ಹತ್ರ ಇಲ್ಲ,” ಎಂದು ಅವಳು ಅವನನ್ನು ನಗಿಸಿ ಕಳಿಸಿದಳು.

ಕಾಲೇಜಿನಲ್ಲಿ ಅವಳ ಕೆಲಸದ ಅವಧಿ ಮುಗಿದಿತ್ತು. ಗಣಿತದ ಲೆಕ್ಕಾಚಾರದಿಂದ ಷೇರು ಕೊಂಡು ಮಾರುವ ಕಂಪನಿಗಳಿಗೆ ಸೇರಬೇಕೆಂದು ಅವಳು ಹಟ ಹಿಡಿದಿದ್ದಳು.

“ಜೂಜು ಅನ್ನಿ ಮತ್ತೆ,” ಎಂದ ತಮ್ಮ.

“ಜೂಜೇ ಮಾಮ. ಆದ್ರೆ ಎದುರಿನವರ ಇಸ್ಪೀಟೆಲೆ ಇಣುಕಿ ನೋಡದೆ ಆಡೋ ಜೂಜು. ಒಂದೊಂದು ಹೊಗೆಯೆಳೆ ಎಲ್ಲಿಗೆ ಹೋಗುತ್ತೆ ಅಂತ ಯಾರೂ ಹೇಳೋಕಾಗಲ್ಲ. ಎಲ್ಲಾ ಸೇರಿ ಎಷ್ಟು ದೂರ ಹರಡಬಹುದು ಅಂತ ಹೇಳಬಹುದು. ಬೆಲೆಗಳೂ ಹಂಗೇ.”

ಅವಳು ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಾ ಸಂದರ್ಶನದ ಒಗಟುಗಳನ್ನು ಬಿಡಿಸುತ್ತಿದ್ದಳು. ಕೆಳಗೆ ಕೂತ ಹೊಲಿಗೆಯಮ್ಮನಿಗೆ ಹಲಗೆಯ ಕಿರುಗುಟ್ಟುವಿಕೆಯೇ ಸುದ್ದಿ. ನಡಿಗೆ ನಿಂತರೆ ಉತ್ತರ ಸಿಕ್ಕಿತೆಂದು ಅರ್ಥ. ಆದರೆ ಕಂಪನಿಗಳಲ್ಲಿ ಆಗಷ್ಟೇ ಕಾಲೇಜು ಬಿಟ್ಟ ಹುಡುಗರು ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಉತ್ತರ ಹೇಳಿಬಿಡುತ್ತಿದ್ದರು. ಹೋದ ಕಡೆಯಲ್ಲೆಲ್ಲ ‘ತಿಳಿಸುತ್ತೇವೆ’ ಎಂದರು, ಯಾರೂ ತಿಳಿಸಲಿಲ್ಲ.

ಕೊನೆಗೆ ಉಳಿದದ್ದು ಒಂದೇ ಕಂಪನಿ. ಅಲ್ಲಿಯ ಪದ್ಧತಿ ಬೇರೆ. ಹಿಂದಿನ ವರ್ಷಗಳ ಬೆಲೆಗಳನ್ನು ಕೊಡುತ್ತಾರೆ. ಪ್ರತಿ ಬೆಳಿಗ್ಗೆ ಕೊಳ್ಳಬೇಕೋ ಮಾರಬೇಕೋ ಎಂದು ತಾನೇ ತೀರ್ಮಾನಿಸುವ ಪ್ರೋಗ್ರಾಂ ಬರೆದು, ಆ ವರ್ಷಗಳಲ್ಲಿ ಅದು ಎಷ್ಟು ಗಳಿಸುತ್ತಿತ್ತೆಂದು ತೋರಿಸಬೇಕು. ಅವಳು ಬರೆದು ಕಳಿಸಿದ್ದಳು, ಅವರು ಬರಹೇಳಿದ್ದರು. ಇದೂ ಕೈತಪ್ಪಿದರೆ ಅವಳ ಸ್ವಂತ ಅಕ್ಕನ ಗಂಡನ ಟ್ಯೂಷನ್ ಕೇಂದ್ರವೇ ಗತಿ. “ಅಲ್ಲಿ ಮಕ್ಕಳಿಗಿಂತ ಭಾವನಿಗೇ ಜಾಸ್ತಿ ಪಾಠ ಹೇಳ್ಬೇಕಮ್ಮ,” ಎನ್ನುತ್ತಿದ್ದಳು.

ಹೊಲಿಗೆಯಮ್ಮ ಪೆಟ್ಟಿಗೆಯಿಂದ ಗಂಡನ ಕೋಟನ್ನು ತೆಗೆದು ಅವಳ ಅಳತೆಗೆ ಕತ್ತರಿಸಿದರು. ಸಂದರ್ಶನದ ಹಿಂದಿನ ದಿನ ಮಧ್ಯಾಹ್ನ ಅದನ್ನು ತೊಡಿಸಿ ತೋಳಿಗೆ ಗುಂಡುಸೂಜಿ ಚುಚ್ಚುತ್ತಿದ್ದಾಗ, ಬಟ್ಟೆ ಕತ್ತರಿಸುವ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿಗೆ ತಮ್ಮ ಇಣುಕಿದ.

“ಏನ್ ಡಾಕ್ಟ್ರಮ್ಮಾ ಇದು? ಗೆರೆ ಗೋಡೆಗೆ ಏಣಿ ಒರಗಿಸಿದ ಹಾಗೆ ಮೇಲಕ್ಕೆ ಹತ್ತಿದೆ!”

“ನನ್ನ ಪ್ರೋಗ್ರಾಂ ಮಾಡಿದ ಲಾಭ ಮಾಮ,” ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು. “ಇಷ್ಟು ನೇರನಾ? ಹೊಗೆಯಲ್ಲಿ ಇಂಥ ಗೆರೆ ಬಂದಿದ್ರೆ ಅಳೆಯೋ ಯಂತ್ರ ಕೆಟ್ಟಿದೆ ಅಂತಿದ್ದೆ.”

“ಅಲ್ಲಾಡ್ಬೇಡ ಕಣೇ, ಸೂಜಿ ಚುಚ್ಚುತ್ತೆ!”

ಸೂಜಿ ಚುಚ್ಚಿದರೂ ಲೆಕ್ಕಿಸದೆ ಅವಳು ಮೇಜಿಗೆ ಬಾಗಿದಳು. ಪ್ರೋಗ್ರಾಮನ್ನು ಸಾಲು ಸಾಲಾಗಿ ಓದುತ್ತಾ ಹೋದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: “ಬೆಳಿಗ್ಗೆ ಮಾಡೋ ತೀರ್ಮಾನಕ್ಕೆ ಅದೇ ದಿನ ಸಾಯಂಕಾಲದ ಬೆಲೆ ತೋರಿಸ್ಬಿಟ್ಟಿದೀನಮ್ಮ. ಸಾಯಂಕಾಲದ್ದು ಬೆಳಿಗ್ಗೆನೇ ಯಾರಿಗೆ ಗೊತ್ತಿರುತ್ತೆ? ಎದುರಿನವರ ಎಲೆ ಇಣುಕಿ ನೋಡಿ ಗೆದ್ದ ಹಾಗಾಯ್ತು.”

ಒಂದು ಸಾಲು ತಿದ್ದಿದಳು. ಏಣಿ ಮಾಯವಾಗಿ, ಸಿಕ್ಕುಬಿದ್ದ ದಾರದಂಥ ಗೆರೆ ಬಂತು.

“ಕಳಿಸಿ ಆಗಿದೆ. ಅವರಿಗೆ ಗೊತ್ತಾಗಿಲ್ಲ,” ಎಂದ ತಮ್ಮ. “ಸುಮ್ನಿರಿ. ನೀವಾಗಿ ಯಾಕೆ ಬಾಯಿ ಬಿಡ್ತೀರಿ?”

“ಅದನ್ನ ನಂಬಿ ಅವರು ನಿಜವಾದ ದುಡ್ಡು ಹಾಕ್ತಾರೆ ಮಾಮ.”

ಆ ಗೆರೆಗಳು ಹೊಲಿಗೆಯಮ್ಮನಿಗೆ ಅರ್ಥವಾಗುತ್ತಿರಲಿಲ್ಲ. ಅವಳ ಮುಖ ಬಾಡಿದ್ದು ಅರ್ಥವಾಗಿತ್ತು. ಈ ಗಲಾಟೆಯಲ್ಲಿ ಸೂಜಿಯ ಗುರುತು ಜಾರಿ, ಸಂಜೆ ಹೊಲಿದು ನೋಡಿದರೆ ಎಡತೋಳು ಸೊಟ್ಟಗೆ ಕೂತಿತ್ತು. ಪುಟ್ಟ ಕತ್ತರಿಯಿಂದ ಒಂದೊಂದೇ ಹೊಲಿಗೆ ಬಿಚ್ಚಿದರು. ಅವಳು ಪಕ್ಕದಲ್ಲಿ ಕೂತು ತುಂಡು ದಾರಗಳನ್ನು ಎಳೆದು ತೆಗೆದಳು.

ಮರುದಿನ ಮಧ್ಯಾಹ್ನಕ್ಕೇ ವಾಪಸಾದಳು. ಅವರು ಪ್ರಶ್ನೆ ಕೇಳುವ ಮೊದಲೇ ತಪ್ಪನ್ನು ತಾನೇ ಹೇಳಿ, ಸಿಕ್ಕುದಾರದ ಗೆರೆ ತೋರಿಸಿದ್ದಳಂತೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಈ ಗೆರೆಗೆ ಕೆಲಸ ಕೊಡಲಾಗುವುದಿಲ್ಲ ಎಂದರಂತೆ. ಅವಳು ಕೋಟು ಕಳಚಿ ಮೊಳೆಗೆ ತಗುಲಿಹಾಕಿದಳು. ಮೇಲಿನ ಹಲಗೆ ಎಷ್ಟೋ ದಿನ ಕಿರುಗುಟ್ಟಲಿಲ್ಲ. ಭಾವನಿಗೆ ಬರುತ್ತೇನೆಂದು ಹೇಳಿಯೂ ಆಗಿತ್ತು.

ಅಷ್ಟರಲ್ಲಿ ಅದೇ ಕಂಪನಿಯಿಂದ ಫೋನು ಬಂತು. ಮಾತು ಮುಗಿಸಿ ಅವಳು ಮೆಟ್ಟಿಲ ಮೇಲೆಯೇ ಕೂತಳು.

“ಬೇರೆ ಕುರ್ಚಿ ಕೊಡ್ತಾರಂತಮ್ಮ. ಬೇರೆಯವರು ಬರೆದ ಪ್ರೋಗ್ರಾಂ ಎಲ್ಲಾ ಬಿಚ್ಚಿ, ತಪ್ಪು ಎಲ್ಲಿದೆ ಅಂತ ಹುಡುಕೋದು.”

“ಒಳ್ಳೇದೇ ಆಯ್ತಲ್ಲ?”

“ನಂಗೆ ಹೊಲಿಯೋ ಆಸೆ ಇತ್ತು. ಸಿಕ್ಕಿದ್ದು ಬಿಚ್ಚೋ ಕೆಲಸ. ಇನ್ಮೇಲೆ ಆಫೀಸಲ್ಲಿ ಒಬ್ರಿಗೂ ನನ್ನ ಕಂಡ್ರೆ ಆಗಲ್ಲ ನೋಡಿ.”

“ಭಾವನಿಗಿಂತ ವಾಸಿ,” ಎಂದ ತಮ್ಮ ಒಳಗಿನಿಂದ. ಅವಳು ಅಳುತ್ತಲೇ ನಕ್ಕಳು.

ಆಫೀಸು ಊರಿನ ಆ ತುದಿಗೆ. ಅಲ್ಲೇ ಹತ್ತಿರ ಕೋಣೆ ಹಿಡಿದಳು. ಹೊರಡುವ ದಿನ ಕೋಟು ತೊಟ್ಟು, ಚೀಲ ಹೊಸಿಲಾಚೆ ಇಟ್ಟು, ಮತ್ತೆ ಒಳಗೆ ಬಂದಳು. ಹೊಲಿಗೆಯಮ್ಮ ಇಸ್ತ್ರಿ ಒತ್ತುತ್ತಿದ್ದರು. ಈ ಸಲ ಅವಳು ಹಬೆಯನ್ನು ನೋಡಲಿಲ್ಲ. ಮೇಜಿನ ಮೇಲೆ ಏನನ್ನೋ ಹುಡುಕಿದಳು.

“ಅಮ್ಮ, ಆ ಪುಟ್ಟ ಕತ್ತರಿ ನಂಗೆ ಕೊಡ್ತೀರಾ?”