ಪಾದದ ಮೇಲೆ ಕೂತ ಆಮೆಮರಿ

ವರ್ಗವಾಗಿ ವಿಶಾಖಪಟ್ಟಣದ ಬ್ಯಾಂಕಿಗೆ ಬಂದ ಹೊಸತರಲ್ಲಿ, ಕಡಲಾಮೆಯ ಮರಿಗಳನ್ನು ನೀರಿಗೆ ಬಿಡುವುದನ್ನು ನೋಡಲು ಒಂದು ಬೆಳಿಗ್ಗೆ ಭೀಮುನಿಪಟ್ಟಣಕ್ಕೆ ಹೋಗಿದ್ದೆ. ಗೈಡ್ ಆಗಿ ಬಂದಿದ್ದ ಹುಡುಗಿ ನಮ್ಮನ್ನೆಲ್ಲ ಬರಿಗಾಲಲ್ಲಿ ಹಗ್ಗದ ಹಿಂದೆ ನಿಲ್ಲಿಸಿ, "ಮರಿ ಬಿಟ್ಟ ಮೇಲೆ ಯಾರೂ ಕಾಲೆತ್ತಬಾರದು, ಮುಟ್ಟಲೂಬಾರದು" ಎಂದಳು.

ಬುಟ್ಟಿ ಬಗ್ಗಿಸಿದ್ದೇ ಮರಿಗಳೆಲ್ಲ ಸಮುದ್ರದ ಕಡೆ ತೆವಳಿದವು. ಒಂದು ಮಾತ್ರ ದಾರಿ ತಪ್ಪಿ, ಹಗ್ಗದಡಿ ನುಸುಳಿ, ನನ್ನ ಪಾದ ಹತ್ತಿ ಕೂತುಬಿಟ್ಟಿತು. ಒದ್ದೆ ಎಲೆಯಷ್ಟು ಹಗುರ. ಕಾಲು ಎಳೆದುಕೊಳ್ಳಲು ಹೋದವನು ತಡೆದುಕೊಂಡೆ. ಸ್ವಲ್ಪ ತಪ್ಪಿದರೂ ಅದರ ಕಥೆ ಮುಗಿಯಿತು. ಪಕ್ಕದಲ್ಲಿದ್ದ ಅಪರಿಚಿತ ಅಜ್ಜಿಯೊಬ್ಬರು ನನ್ನ ಭುಜವನ್ನು ಗಟ್ಟಿಯಾಗಿ ಹಿಡಿದು, "ಕದಲಕು ಬಾಬೂ" ಎಂದು ತೆಲುಗಿನಲ್ಲಿ ಅಲ್ಲಾಡದಂತೆ ಎಚ್ಚರಿಸಿದರು. ಇಬ್ಬರೂ ಉಸಿರು ಬಿಗಿಹಿಡಿದು ನಿಂತೆವು. ಮರಿ ತಲೆಯೆತ್ತಿತು, ಅಲೆಗಳ ಬೆಳಕಿನತ್ತ ತಿರುಗಿತು, ಮೆಲ್ಲಗೆ ಇಳಿದು ಹೊರಟಿತು. ತೆರೆಯೊಂದು ಬಂದು ಅದನ್ನು ಎತ್ತಿಕೊಂಡು ಹೋಯಿತು. ಅಷ್ಟು ದೊಡ್ಡ ಸಮುದ್ರಕ್ಕೆ ಅಷ್ಟು ಚಿಕ್ಕ ಜೀವ! ಅಜ್ಜಿ ಕಣ್ಣೊರೆಸಿಕೊಂಡರು.

ಬ್ಯಾಂಕಿಗೆ ತಡವಾಗಿ ಹೋದೆ. ಮ್ಯಾನೇಜರು ಕಾರಣ ಕೇಳಿದಾಗ, "ಮರಿ ಕಾಲ ಮೇಲೆ ಕೂತಿತ್ತು ಸಾರ್, ಅಲ್ಲಾಡೋಕೇ ಆಗಲಿಲ್ಲ" ಎಂದು, ಮರಿಗೆ 'ಪಿಲ್ಲ' ಎನ್ನುತ್ತಾ, ನನ್ನ ಹರಕು ತೆಲುಗಿನಲ್ಲಿ ಹೇಳಿದೆ. ಅವರು ಅಕ್ಕರೆಯಿಂದ ನಕ್ಕು, "ಮಗುವಿಗೀಗ ಎಷ್ಟು ತಿಂಗಳು?" ಎಂದರು.